ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ಬಂದ ಮುಖ್ಯ ಶಿಕ್ಷಕರು ಸಿಬ್ಬಂದಿಯ ವಿಶ್ವಾಸ ಗಳಿಸುವ ಬಗೆ

ಬಡ್ತಿಯಿಂದಲೋ ವರ್ಗಾವಣೆಯಿಂದಲೋ ಸರ್ಕಾರಿ ಪ್ರೌಢಶಾಲೆಗೆ ಮುಖ್ಯ ಶಿಕ್ಷಕರಾಗಿ ಬಂದವರು ಮೊದಲ ವಾರದಲ್ಲೇ ಸಿಬ್ಬಂದಿ ಸಭೆ ಕರೆದು ಶಿಸ್ತಿನ ಬಗ್ಗೆ ಮಾತನಾಡುವುದು ವಾಡಿಕೆ. ಆ ಸಭೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಅದಕ್ಕೂ ಮೊದಲು ಕಚೇರಿಯ ಬೀರು ತೆಗೆಸಿ ಎಲ್ಲರ ಸೇವಾ ವಹಿಗಳನ್ನು, ಅಂದರೆ ಪ್ರತಿ ನೌಕರರ ರಜೆ, ಬಡ್ತಿಗಳೆಲ್ಲ ದಾಖಲಾಗುವ ಎಸ್‌ಆರ್ ಪುಸ್ತಕಗಳನ್ನು, ಮೇಜಿನ ಮೇಲೆ ತರಿಸಿಕೊಳ್ಳಿ.

ಶಿಕ್ಷಕರ ವೇತನದ ಬಿಲ್ಲು, ವಾರ್ಷಿಕ ವೇತನ ಬಡ್ತಿ, ಗಳಿಕೆ ರಜೆಯ ಲೆಕ್ಕ ಎಲ್ಲವೂ ನಿಮ್ಮ ಸಹಿಗೆ ಕಾಯುತ್ತವೆ. ವೇತನವೇನೋ ಈಗ ಸರ್ಕಾರಿ ನೌಕರರ ಲೆಕ್ಕವಿಡುವ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಆಗುತ್ತದೆ. ಆದರೆ ನಿವೃತ್ತಿಯ ಹೊತ್ತಿಗೆ ಪಿಂಚಣಿ ಕಡತದ ಜೊತೆ ಹೋಗುವುದು ಸೇವಾ ವಹಿ, ಮತ್ತು ಅದರಲ್ಲಿ ಒಂದು ನಮೂದು ಬಿಟ್ಟುಹೋಗಿದ್ದರೂ ಕಡತ ಆಕ್ಷೇಪಣೆಯೊಂದಿಗೆ ಹಿಂದಿರುಗುತ್ತದೆ. ನಾನು ಒಂದು ಶಾಲೆಗೆ ಸೇರಿದಾಗ ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಬ್ಬೊಬ್ಬರನ್ನೇ ಕರೆದು, ಅವರವರ ವಹಿಯ ಪುಟಗಳನ್ನು ಅವರ ಕೈಯಿಂದಲೇ ತಿರುವಿಸಿದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಹಿಂದಿ ಶಿಕ್ಷಕಿಯೊಬ್ಬರ ವಹಿಯಲ್ಲಿ ಎಷ್ಟೋ ವರ್ಷಗಳ ಹಿಂದಿನ ಹೆರಿಗೆ ರಜೆಯ ಮಂಜೂರಾತಿ ನಮೂದಾಗಿರಲಿಲ್ಲ. ಅವರು ಆ ಪುಟದ ಮೇಲೆ ಬೆರಳಿಟ್ಟುಕೊಂಡೇ, "ಮೇಡಂ, ಇಷ್ಟು ವರ್ಷದಲ್ಲಿ ನನ್ನ ಎಸ್‌ಆರ್ ನಾನು ನೋಡ್ತಿರೋದು ಇದೇ ಮೊದಲು" ಎಂದರು. ಅವರ ಹಿಂದಿನ ಶಾಲೆಗೆ ಮೂರು ಪತ್ರ ಬರೆದ ಮೇಲೆ ಆದೇಶದ ಪ್ರತಿ ಸಿಕ್ಕಿತು. ಈ ಕೆಲಸಕ್ಕೆ ನನಗೆ ಐದು ಶನಿವಾರಗಳು ಹಿಡಿದವು. ಆರನೆಯ ವಾರ ನಾನು ಸಭೆ ಕರೆದಾಗ ಯಾರೂ ಗಡಿಯಾರ ನೋಡಲಿಲ್ಲ.

ವೇಳಾಪಟ್ಟಿಯನ್ನು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರೇ ಸಿದ್ಧಪಡಿಸಿ. ಊಟದ ನಂತರದ ಅವಧಿಗಳೂ ದಿನದ ಕೊನೆಯ ಅವಧಿಯೂ ಯಾರಿಗೆ ಎಷ್ಟು ಬಂದಿವೆ ಎಂಬುದನ್ನು ಶಿಕ್ಷಕರು ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕವಿಟ್ಟಿರುತ್ತಾರೆ. ಅಂಥ ಅವಧಿಗಳಲ್ಲಿ ಎರಡನ್ನಾದರೂ ನೀವು ವಹಿಸಿಕೊಳ್ಳಿ, ಅದೂ ಓದು ಬರಹದಲ್ಲಿ ಹಿಂದುಳಿದ ಮಕ್ಕಳಿರುವ ಎಂಟನೇ ತರಗತಿಯಲ್ಲಿ. ಪಾಠ ಮಾಡದ ಮುಖ್ಯ ಶಿಕ್ಷಕರು ಪಾಠದ ಬಗ್ಗೆ ಕೊಡುವ ಸಲಹೆಗೆ ಬೆಲೆ ಇರುವುದಿಲ್ಲ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಎದುರಾಗುತ್ತದೆ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಇಂಥ ವರ್ಷಗಳಲ್ಲಿ ಇಲಾಖೆಯ ಪ್ರಗತಿ ಪರಿಶೀಲನಾ ಸಭೆಗೆ ವಿಷಯವಾರು ಪಟ್ಟಿ ಹಿಡಿದು ಹೋಗುವ ಮುಖ್ಯ ಶಿಕ್ಷಕರಿಗೆ, ಕಡಿಮೆ ಅಂಕ ಬಂದ ವಿಷಯದ ಶಿಕ್ಷಕರ ಕಡೆ ಬೆರಳು ತೋರಿಸಿ ತಾವು ಪಾರಾಗುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ನಾನು ನನ್ನ ಮೊದಲ ವರ್ಷ ಹಾಗೆಯೇ ಮಾಡಿದೆ. ಗಣಿತ ಶಿಕ್ಷಕರ ಹೆಸರು ಹೇಳಿ ಕುಳಿತುಕೊಂಡೆ, ಅವರು ಎರಡು ತಿಂಗಳು ಚುನಾವಣಾ ಕರ್ತವ್ಯ ಮತ್ತು ತರಬೇತಿಗಳ ನಡುವೆ ಓಡಾಡಿದ್ದನ್ನು ಹೇಳಲಿಲ್ಲ. ಆ ಮಾತು ಅದೇ ಸಂಜೆ ಅವರ ಕಿವಿಗೆ ಬಿತ್ತು. ಆಮೇಲೆ ಇಡೀ ವರ್ಷ ಅವರು ನನ್ನ ಕೊಠಡಿಗೆ ಬಂದದ್ದು ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಲು ಮಾತ್ರ; ನಾನು ಎಲ್ಲರೆದುರು ತಪ್ಪೊಪ್ಪಿಕೊಂಡ ಮೇಲೂ ಅವರ ಮನಸ್ಸು ತಿಳಿಯಾಗಲು ಬಹಳ ಕಾಲ ಹಿಡಿಯಿತು. ಆದ್ದರಿಂದ ಸಭೆಯಲ್ಲಿ "ನಮ್ಮ ಶಾಲೆಯ ಫಲಿತಾಂಶಕ್ಕೆ ನಾನು ಹೊಣೆ" ಎಂದು ಹೇಳಿ, ಶಿಕ್ಷಕರಿಗೆ ಹೇಳಬೇಕಾದದ್ದನ್ನು ಶಾಲೆಗೆ ಮರಳಿ, ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಬಾಗಿಲು ಮುಚ್ಚಿ ಹೇಳಿ.

ಸಾಂದರ್ಭಿಕ ರಜೆಯ ಅರ್ಜಿಗೆ ಅದೇ ದಿನ ಉತ್ತರ ಕೊಡಿ, ಮತ್ತು ಆಪ್ತರಿಗೊಂದು ಇತರರಿಗೊಂದು ನಿಯಮ ಮಾಡಬೇಡಿ. ಅತಿಥಿ ಶಿಕ್ಷಕರ ಗೌರವಧನ ಹೇಗೂ ತಡವಾಗಿಯೇ ಬರುತ್ತದೆ. ನಿಮ್ಮ ಕಚೇರಿಯಿಂದ ಹೋಗಬೇಕಾದ ಹಾಜರಾತಿ ಪತ್ರ ಅದಕ್ಕೆ ಇನ್ನೊಂದು ದಿನ ಸೇರಿಸದಿರಲಿ. ಬಿಸಿಯೂಟದ ಅಡುಗೆಯವರನ್ನೂ ಸಿಬ್ಬಂದಿಯೆಂದೇ ಎಣಿಸಿ, ಶಾಲಾ ಸಮಾರಂಭಗಳಲ್ಲಿ ಅವರಿಗೂ ಕುರ್ಚಿ ಹಾಕಿಸಿ.

ವರ್ಗಾವಣೆ ಆದೇಶ ಬಂದ ದಿನ ಹಾರ ತುರಾಯಿಗಳ ಗಡಿಬಿಡಿಯಲ್ಲಿ ಸೇವಾ ವಹಿಗಳನ್ನು ಮರೆಯಬೇಡಿ. ಆ ವರ್ಷದ ರಜೆ ಮತ್ತು ಬಡ್ತಿಯ ನಮೂದುಗಳಿಗೆಲ್ಲ ಸಹಿ ಹಾಕಿ, ಆಮೇಲೆಯೇ ಬೀರುವಿನ ಬೀಗದ ಕೈ ಒಪ್ಪಿಸಿ.