ಬೆಲ್ಲ ಬೆವರುವುದನ್ನು ನೋಡಿ ಬೋಟಿನ ತಳದ ಗುಳ್ಳೆ ಬಿಡಿಸಿದೆ

ಹೋದ ಫೆಬ್ರವರಿಯಲ್ಲಿ ಬೋಟನ್ನು ದಡಕ್ಕೆ ಎಳೆದು ಮಗುಚಿ ಹಾಕಿದಾಗ ಎದೆ ಡವಡವ ಅನ್ನುತ್ತಿತ್ತು. ತಳದ ಗುಳ್ಳೆ ಬಿಡಿಸಿದ ಕೆಲಸ ಮುಗಿದು ಎರಡು ಮಳೆಗಾಲ ಕಳೆದಿತ್ತು. ಪಾಚಿ ಕೆರೆದೆ, ತೊಳೆದೆ. 5 ರೂಪಾಯಿ ನಾಣ್ಯ ಹಿಡಿದು ಮೂತಿಯಿಂದ ಇಂಜಿನ್ ಕೂರುವ ಹಲಗೆವರೆಗೆ ತಟ್ಟುತ್ತಾ ಹೋದೆ. ಎಲ್ಲೂ ಟೊಳ್ಳು ಸದ್ದಿಲ್ಲ. ಒಂದೇ ಒಂದು ಗುಳ್ಳೆ ಇಲ್ಲ. ಕಲ್ಲಿಗೆ ಉಜ್ಜಿ ಒಂದು ಗೇಣು ಉದ್ದ ಬಣ್ಣ ಹೋಗಿತ್ತು, ಅಷ್ಟೇ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು 17 ಅಡಿಯ ಫೈಬರ್ ಬೋಟು, ಗಾಜಿನ ನಾರಿಗೆ ರೆಸಿನ್ ಅನ್ನುವ ಅಂಟು ಕುಡಿಸಿ ಮಾಡಿದ್ದು. ಕರಾವಳಿ ಕಡೆಯಿಂದ ಹಳೆಯದನ್ನು ತಂದೆ. ಕನ್ನಂಬಾಡಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇನೆ. ವರ್ಷಕ್ಕೆ ಎಂಟೊಂಬತ್ತು ತಿಂಗಳು ಅದು ನೀರಲ್ಲೇ ಇರುತ್ತೆ. ನಮ್ಮ ಕಡೆ ಹರಿಗೋಲಿನವರೇ ಜಾಸ್ತಿ. ತಳ ಹಾಳಾದರೆ ಟಾರು ಕಾಯಿಸಿ ಬಳಿದು ಮಧ್ಯಾಹ್ನಕ್ಕೆ ಕೆಲಸ ಮುಗಿಸುತ್ತಾರೆ. ಫೈಬರಿನ ಕಥೆ ಹಾಗಲ್ಲ. ಸಿಹಿನೀರಲ್ಲಿ ಏನೂ ಆಗಲ್ಲ ಎಂದು ಮಾರಿದವರು ಹೇಳಿದ್ದರು. ನಿಜ ಇರುವುದು ತಿರುಗಾಮುರುಗಾ. ಉಪ್ಪುನೀರಿಗಿಂತ ಸಿಹಿನೀರೇ ಫೈಬರಿನೊಳಕ್ಕೆ ಜೋರಾಗಿ ನುಗ್ಗುತ್ತೆ. ಎರಡನೇ ವರ್ಷಕ್ಕೆ ತಳದ ತುಂಬ ಗುಳ್ಳೆ. ಕಡಲೆಕಾಳಿನಷ್ಟರಿಂದ ಹಿಡಿದು ನಿಂಬೆಹಣ್ಣಿನ ಹೋಳಿನಷ್ಟು ದಪ್ಪದವರೆಗೆ.

ಮೊದಲು ಕೆರೆದು ಮನೆ ಬಾಗಿಲಿಗೆ ಹೊಡೆಯುವ ಎನಾಮಲ್ ಬಳಿದೆ. ನಾಲ್ಕು ತಿಂಗಳಿಗೆ ಹಾವಿನ ಪೊರೆ ಹಾಗೆ ಎದ್ದು ಬಂತು. ಆಮೇಲೆ ಗುಳ್ಳೆ ಒಡೆದು ಕಾರಿಗೆ ಹಾಕುವ ಪುಟ್ಟಿ ತುಂಬಿದೆ. ಸುಮಾರು 6,000 ಹೋಯಿತು. ಆ ಪುಟ್ಟಿಯೇ ನೀರು ಕುಡಿಯುತ್ತೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಮೂರನೇ ಸಲ ಮೈಸೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟೆ. ತಳವನ್ನು ಒಣಗಿಸದೆ ಮೇಲೆ ಗಾಜುನಾರಿನ ಮ್ಯಾಟ್ ಹಾಸಿ ರೆಸಿನ್ ಬಳಿದು ಒಂದೇ ವಾರಕ್ಕೆ ಕೊಟ್ಟರು. 22,000 ಕೊಟ್ಟೆ. ನೀರು ಒಳಗೇ ಸಿಕ್ಕಿಕೊಂಡಿತ್ತು. ಎಂಟು ತಿಂಗಳಿಗೆ ಅಂಗೈ ಅಗಲದ ಗುಳ್ಳೆ ಎದ್ದವು. ಕೇಳಲು ಹೋದರೆ ನೀನು ಕಲ್ಲಿಗೆ ಹೊಡೆದಿದ್ದೀಯ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ಗುಳ್ಳೆಗೆ ಮೊಳೆ ಚುಚ್ಚಿದಾಗ ಒಳಗಿಂದ ಪಿಚ್ಚನೆ ನೀರು ಚಿಮ್ಮಿತು. ಕಣ್ಣಿಗೆ ಕನ್ನಡಕ ಇತ್ತು, ಬಚಾವಾದೆ. ನೀವೂ ಕನ್ನಡಕ ಇಲ್ಲದೆ ಚುಚ್ಚಬೇಡಿ. ವಿನೆಗರ್ ವಾಸನೆ. ಬೆರಳಲ್ಲಿ ಹಿಡಿದರೆ ಅಂಟಂಟು. ಅದನ್ನು ಒಂದು ಸ್ಟೀಲ್ ತಟ್ಟೆಗೆ ಸುರಿದು ಮೂರು ದಿನ ಬಿಸಿಲಿಗಿಟ್ಟೆ. ನೀರಾಗಿದ್ದರೆ ಒಂದು ಗಂಟೆಗೆ ಆರಬೇಕಿತ್ತು. ಆರಲಿಲ್ಲ.

ಆಗ ಹೊಳೆಯಿತು. ಪಾಂಡವಪುರದ ಹತ್ತಿರ ನಮ್ಮ ಭಾವನ ಆಲೆಮನೆ ಇದೆ. ಜೂನ್‌ನಲ್ಲಿ ಮೋಡ ಕಟ್ಟಿದರೆ ಅಚ್ಚುಬೆಲ್ಲ ಬೆವರುತ್ತೆ, ಅಲ್ವಾ? ಬಿಸಿಲಿಗಿಟ್ಟರೆ ಒಣಗಿದ ಹಾಗೆ ಕಾಣುತ್ತೆ, ಮತ್ತೆ ಥಂಡಿ ಬಂದರೆ ಮತ್ತೆ ಬೆವರು. ಗಾಳಿಯಿಂದಲೇ ನೀರು ಎಳೆದುಕೊಳ್ಳುವುದು ಬೆಲ್ಲದ ಗುಣ. ನನ್ನ ಬೋಟಿನ ತಳದಲ್ಲೂ ಅಂಥದೇ ಒಂದು ಅಂಟು ಸೇರಿಕೊಂಡಿದೆ. ರೆಸಿನ್ ನೀರಲ್ಲಿ ನೆನೆದು ಒಡೆದು ಬಿಟ್ಟಿರುವ ಗ್ಲೈಕಾಲ್ ಅನ್ನುವ ದ್ರವ, ಹುಳಿ ಎರಡೂ ಅದರಲ್ಲಿವೆ. ಅದನ್ನು ಬಿಸಿಲಿಗಿಟ್ಟು ಓಡಿಸಲು ಆಗಲ್ಲ. ತೊಳೆದೇ ತೆಗೆಯಬೇಕು.

ಆ ವರ್ಷದ ಫೆಬ್ರವರಿ ಮೊದಲ ವಾರ ಬೋಟು ಮೇಲೆತ್ತಿದೆ. ಬಲೆ, ಐಸ್ ಪೆಟ್ಟಿಗೆ, ಇಬ್ಬರು ಆಳು ಕೂತಾಗ ನೀರು ಎಲ್ಲಿವರೆಗೆ ಬರುತ್ತೋ ಅಲ್ಲಿಂದ ಮೂರು ಇಂಚು ಮೇಲಕ್ಕೆ ಗೆರೆ ಹಾಕಿದೆ. ಅದರ ಕೆಳಗಿನ ಜೆಲ್‌ಕೋಟ್, ಅಂದರೆ ಫೈಬರಿನ ಹೊರಗಿನ ನುಣುಪು ಪದರ, ಪೂರ್ತಿ, ವರ್ಕ್‌ಶಾಪಿನ ಮ್ಯಾಟ್ ಸಮೇತ, 40 ನಂಬರ್ ಉಪ್ಪುಕಾಗದದ ಡಿಸ್ಕಿನಲ್ಲಿ ಉಜ್ಜಿ ತೆಗೆದೆ. ಐದು ದಿನ ಹಿಡಿಯಿತು. ಫೈಬರ್ ಪುಡಿಯ ನವೆ ನಿಮಗೇ ಗೊತ್ತು.

ಆಮೇಲೆ ತೊಳೆಯೋದು. ಹಂಡೆಯಲ್ಲಿ ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆ ಉರಿಸಿ ನೀರು ಕಾಯಿಸಿ, ತಳದ ಮೇಲೆ ಸುರಿದು, ಬ್ರಷ್ಷಿನಲ್ಲಿ ತಿಕ್ಕಿ, ಪೈಪಿನಲ್ಲಿ ಜೋರಾಗಿ ಹಾಯಿಸಿದೆ. ಎರಡು ದಿನಕ್ಕೊಂದು ಸಲ, ಒಟ್ಟು ಹನ್ನೊಂದೋ ಹನ್ನೆರಡೋ ಸಲ. ನೋಡಿದವರೆಲ್ಲ ನಕ್ಕರು. ನೀರು ಕುಡಿದು ಕೆಟ್ಟ ಬೋಟಿಗೆ ಮತ್ತೆ ನೀರು ಕುಡಿಸ್ತಾನೆ ನೋಡಿ ಅಂದರು. ಕರಾವಳಿಯಲ್ಲಿ ಬೋಟ್ ಕೆಲಸ ಮಾಡುವ ಗೆಳೆಯನೂ ಫೋನಿನಲ್ಲಿ ಬೇಡ ಅಂದ. ನಾನು ಲಿಟ್ಮಸ್ ಕಾಗದ ತಂದು, ತೊಳೆದ ಮಾರನೇ ದಿನ ಒದ್ದೆ ಮಾಡಿ ತಳಕ್ಕೆ ಒತ್ತಿ ನೋಡುತ್ತಿದ್ದೆ. ಮೊದಮೊದಲು ನೀಲಿ ಕಾಗದ ಕೆಂಪಗಾಗುತ್ತಿತ್ತು. ಎಂಟನೇ ಸಲಕ್ಕೆ ತಿಳಿಗೆಂಪು. ಕೊನೆಗೆ ನೀಲಿ ನೀಲಿಯಾಗೇ ಉಳಿಯಿತು. ಅಲ್ಲಿವರೆಗೆ ನಿಲ್ಲಿಸಬೇಡಿ.

ಒಣಗಿಸಲು ನಮ್ಮ ಮಂಡ್ಯದ ಮಾರ್ಚ್, ಏಪ್ರಿಲ್‌ಗಿಂತ ಬೇರೆ ಬೇಕಾ? ಕರಾವಳಿಯವರಿಗೆ ಈ ಒಣ ಗಾಳಿ ಎಲ್ಲಿ ಸಿಗಬೇಕು! ಸುಮಾರು 50 ದಿನ ಬಿಟ್ಟೆ. ಸಂಜೆ ಮೋಡ ಕಂಡರೆ ಟಾರ್ಪಾಲು. ಅಂಚಿಗೆಲ್ಲ ಟೇಪ್ ಹಾಕಿ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮರುದಿನ ಒಳಗೆ ಹನಿ ಇದೆಯಾ ನೋಡುವುದು ಎಲ್ಲರಿಗೂ ಗೊತ್ತಿರುವುದೇ, ಹನಿ ಇದ್ದರೆ ಇನ್ನೂ ತೇವ ಇದೆ ಅಂತ. ಅದರ ಜೊತೆ ಇನ್ನೊಂದು ಮಾಡಿದೆ. ತೇವ ಅಳೆಯುವ ಮೀಟರಿಗೆ ದುಡ್ಡಿರಲಿಲ್ಲ. ಬೆಲ್ಲದ ಮೂಟೆ ತೂಗುವ ನೇತು ತಕ್ಕಡಿ ತಂದು, ಚೈನ್ ಪುಲ್ಲಿಯಲ್ಲಿ ಬೋಟನ್ನೇ ಎತ್ತಿ ತೂಗಿದೆ. ತೊಳೆತ ಮುಗಿದ ವಾರಕ್ಕೆ 230 ಕಿಲೋ ಚಿಲ್ಲರೆ ಇತ್ತು. ಹದಿನೈದು ದಿನಕ್ಕೊಮ್ಮೆ ತೂಗುತ್ತಾ ಬಂದೆ. ಆರೇಳು ಕಿಲೋ ಇಳಿದು ಅಲ್ಲೇ ನಿಂತಿತು. ಎರಡು ತೂಕ ಒಂದೇ ಬಂದಾಗ ಒಣಗಿತು ಅಂತ ತೀರ್ಮಾನ ಮಾಡಿದೆ.

ತಳಕ್ಕೆ ಹಚ್ಚಲು ಎಪಾಕ್ಸಿ ತಂದೆ, ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು ಅದು. ತಂದಿದ್ದು ಸಾಲ್ವೆಂಟ್, ಅಂದರೆ ಥಿನ್ನರಿನಂಥದ್ದು, ಇಲ್ಲದ್ದು, ಸುಮಾರು 9 ಕಿಲೋ. ಎಲ್ಲಿಂದ, ಏನು ರೇಟಿಗೆ ಅನ್ನುವುದು ನನ್ನಲ್ಲೇ ಇರಲಿ. ಮೊದಲ ದಿನ ಬೆಳಗ್ಗೆ ಹತ್ತಕ್ಕೆ ಶುರು ಮಾಡಿ ತಪ್ಪು ಮಾಡಿದೆ. ಬಿಸಿಲೇರಿದ ಹಾಗೆ ಫೈಬರಿನೊಳಗಿನ ಗಾಳಿ ಹಿಗ್ಗಿ ಹೊರಗೆ ಬಂತು. ತಳದ ತುಂಬ ಸೂಜಿಮೊನೆಯಷ್ಟು ತೂತು. ಡಬ್ಬದಲ್ಲಿ ಒಂದು ಕಿಲೋ ಒಟ್ಟಿಗೆ ಕಲಸಿದ್ದು ಹೊಗೆ ಎದ್ದು ಕಲ್ಲಾಯಿತು. ಸಾವಿರದ ಮೇಲೆ ದುಡ್ಡು ಮಣ್ಣುಪಾಲು. ಮರುದಿನದಿಂದ ಸಂಜೆ ಐದರ ಮೇಲೆ, ತಳ ತಣ್ಣಗಾಗುತ್ತಾ ಇರುವಾಗ ಹಚ್ಚಿದೆ. ಅಗಲ ತಟ್ಟೆಯಲ್ಲಿ 200 ಗ್ರಾಂ ಮಾತ್ರ ಕಲಸುವುದು. ಲೈಟ್ ಹಾಕಬೇಡಿ, ದೀಪದ ಹುಳು ಬಂದು ಮೆತ್ತಿಕೊಳ್ಳುತ್ತವೆ.

ಹಳ್ಳಗಳಿಗೆ ಸಿಲಿಕಾ ಬೆರೆಸಿದ ಎಪಾಕ್ಸಿ ತುಂಬಿದೆ. ಕೊನೆಯ ತೆಳು ಲೇಪಕ್ಕೆ ಇನ್ನೊಂದು ಪುಡಿ ಸೇರಿಸಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಮೇಲೆ ಐದು ಕೋಟು. ಒಂದು ಬೂದು, ಒಂದು ಬಿಳಿ. ಹೀಗೆ ಬಣ್ಣ ಬದಲಿಸಿದರೆ ಎಲ್ಲಿ ಬಿಟ್ಟುಹೋಗಿದೆ, ಮುಂದೆ ಎಲ್ಲಿ ಸವೆದಿದೆ ಅಂತ ಕಣ್ಣಿಗೇ ಕಾಣುತ್ತೆ. ಹೆಬ್ಬೆರಳಿಗೆ ಅಂಟಂಟಾಗಿರುವಾಗಲೇ ಮುಂದಿನದು. ರಾತ್ರಿ ಕಳೆದು ಗಟ್ಟಿಯಾಗಿಬಿಟ್ಟರೆ ಮೇಲೆ ಜಿಡ್ಡು ಕೂರುತ್ತೆ. ಅದು ಥಿನ್ನರಿಗೆ ಹೋಗಲ್ಲ, ಬರೀ ನೀರಿಗೆ ಹೋಗುತ್ತೆ. ನೀರು, ಪಾತ್ರೆ ಉಜ್ಜುವ ಹಸಿರು ನಾರು, ಆಮೇಲೆ ಉಪ್ಪುಕಾಗದ.

ಸಮುದ್ರದ ಬೋಟಿಗೆ ಹೊಡೆಯುವ ತಾಮ್ರದ ಬಣ್ಣ ಹಾಕು ಅಂತ ಹಲವರು ಹೇಳಿದರು. ನಾನು ಹಾಕಲ್ಲ. ಕಾವೇರಿ ನಾವೆಲ್ಲ ಕುಡಿಯುವ ನೀರು. ಸಮುದ್ರದ ಹಾಗೆ ಇಲ್ಲಿ ತಳಕ್ಕೆ ಚಿಪ್ಪು ಕಚ್ಚುವುದೂ ಇಲ್ಲ, ಬರುವುದು ಪಾಚಿ. ಅದಕ್ಕೆ ಬೇರೇನಾದರೂ ಉಂಟಾ ಅಂತ ಆರು ಫೈಬರ್ ತುಂಡು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿದ್ದೆ. ಬೇವಿನೆಣ್ಣೆ, ಮೇಣ ಬಳಿದದ್ದು ಹದಿನೈದು ದಿನಕ್ಕೆ ತೊಳೆದುಹೋಯಿತು. ಹರಿಗೋಲಿನ ಟಾರು ನೀರೊಳಗೆ ಚೆನ್ನಾಗೇ ನಿಂತಿತು, ಆದರೆ ದಡಕ್ಕೆ ತಂದರೆ ಬಿಸಿಲಿಗೆ ಕರಗಿ ಬಲೆಗೆ ಮೆತ್ತಿತು. 400 ನಂಬರ್ ಕಾಗದದಲ್ಲಿ ನುಣ್ಣಗೆ ಉಜ್ಜಿದ ಎಪಾಕ್ಸಿ ತುಂಡಿನ ಪಾಚಿ ಗೋಣಿಚೀಲದಲ್ಲಿ ಒರೆಸಿದರೆ ಹೋಯಿತು. ಬೋಟಿಗೂ ಅದನ್ನೇ ಮಾಡಿದೆ. ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದಿಲ್ಲ, ಸದಾ ನೀರಲ್ಲಿ ಮುಳುಗಿದ್ದರೆ ಆ ಬಣ್ಣವೇ ಗುಳ್ಳೆ ಏಳುತ್ತೆ. ಎಪಾಕ್ಸಿಗೆ ಬಿಸಿಲು ಆಗಲ್ಲ, ಹಾಗಾಗಿ ದಡದಲ್ಲಿದ್ದಾಗ ಟಾರ್ಪಾಲು ಹೊದಿಸುತ್ತೇನೆ.

ಖರ್ಚು ಎಲ್ಲ ಸೇರಿ 19,000 ಹತ್ತಿರ. ನಾಲ್ಕು ತಿಂಗಳು ಹರಿಗೋಲು ಬಾಡಿಗೆಗೆ ತಂದಿದ್ದು ಬೇರೆ. ಹಿಂದಿನ ಮೂರು ಸಲ ಸೇರಿ 30,000 ದಾಟಿತ್ತು, ಒಂದೂ ಒಂದು ವರ್ಷ ಬಾಳಲಿಲ್ಲ. ತಳ ಹಗುರಾಗಿ, ನುಣುಪಾಗಿ, ಪೆಟ್ರೋಲೂ ದಿನಕ್ಕೆ ಅರ್ಧ ಲೀಟರ್ ಉಳಿಯುತ್ತಿದೆ.

ಅವತ್ತು ಜಾಸ್ತಿ ನಕ್ಕವನ ಬೋಟು ಈಗ ನನ್ನ ಹಿತ್ತಲಲ್ಲಿ ಮಗುಚಿ ಬಿದ್ದಿದೆ. ನಿನ್ನೆಗೆ ಏಳನೇ ತೊಳೆತ ಆಯಿತು. ಲಿಟ್ಮಸ್ ಇನ್ನೂ ಕೆಂಪಗೇ ಇದೆ. ಹಂಡೆಗೆ ಚಿಪ್ಪು ಅವನೇ ತಂದು ಹಾಕುತ್ತಿದ್ದಾನೆ.