ಕರಾಮದಲ್ಲೂ ಮನೆ, ಕಾಪುವಿನಲ್ಲೂ ಮನೆ

ಗಲ್ಫಿನಿಂದ ರಜೆಗೆ ಬಂದವರಿಗೆ ಉಡುಪಿ ಹತ್ತಿರದ ಕಾಪು ಪೇಟೆಯಲ್ಲಿ ಮೊದಲು ಎದುರಾಗುವುದು ಎರಡೇ ಪ್ರಶ್ನೆ. "ಏಪ ಬತ್ತಿನಿ? ಏಪ ಪೋಪಿನಿ?" ತುಳುವಿನಲ್ಲಿ ಅಂದರೆ ಯಾವಾಗ ಬಂದದ್ದು, ಯಾವಾಗ ಹೋಗುವುದು. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಬಂದ ದಿನವೇ ಹೊರಡುವ ದಿನ ಹೇಳಬೇಕಾದಾಗ ಸ್ವಂತ ಊರಿನಲ್ಲೂ ನೆಂಟರ ಹಾಗೆ ಅನಿಸುತ್ತದೆ. ಅತ್ತ ದುಬೈಯಲ್ಲಿ ನಮ್ಮಂಥವರ ವೀಸಾ ಕೆಲಸಕ್ಕೆ ಕಟ್ಟಿಕೊಂಡದ್ದು. ಕೆಲಸ ಹೋದರೆ ಅದೂ ಹೋಯಿತು. ಎರಡೂ ಕಡೆ ನೆಂಟನಾಗಿ ಆಯುಷ್ಯ ಕಳೆಯುವುದು ನನಗೆ ಬೇಡವಿತ್ತು. ಮನೆಯವರು ಅನಿಸಿಕೊಳ್ಳಬೇಕಾದರೆ ಮನೆಗೆಲಸ ಇರಬೇಕು, ಅದು ಎರಡೂ ಕಡೆ. ನಾನು ಮತ್ತು ಹೆಂಡತಿ ಹಿಡಿದ ದಾರಿ ಇದು.

ದುಬೈಯಲ್ಲಿ ನಮ್ಮವರು ತುಂಬ ಜನ "ಇವತ್ತಲ್ಲ ನಾಳೆ ಊರಿಗೆ ಹೋಗುವುದೇ ಅಲ್ವಾ" ಅಂತ ಒಳ್ಳೆಯ ಮಂಚ ತಗೊಳ್ಳುವುದಿಲ್ಲ. ಒಳ್ಳೆಯ ಪಾತ್ರೆ, ಒಳ್ಳೆಯ ಕುರ್ಚಿ ಎಲ್ಲ ಊರಿನ ಹೊಸ ಮನೆಗೆ. ಆ ಮನೆಗೆ ಹನ್ನೊಂದು ತಿಂಗಳು ಬೀಗ. ಇದು ನನಗೆ ಬಹಳ ಬೇಸರದ ವಿಷಯ, ಯಾಕೆಂದರೆ ಬದುಕುವ ವರ್ಷಗಳು ದುಬೈಯಲ್ಲೇ ಕಳೆದುಹೋಗುತ್ತವೆ. ನಾವು ದುಬೈಯ ಕರಾಮ ಬಡಾವಣೆಯ ಸಣ್ಣ ಫ್ಲ್ಯಾಟಿಗೆ ಗ್ರೈಂಡರ್ ತಂದೆವು. ಬಾಲ್ಕನಿಯ ಕುಂಡದಲ್ಲಿ ಬಸಳೆ ಹಬ್ಬಿಸಿದೆವು. ಚಳಿಗಾಲವಿಡೀ ಚೆನ್ನಾಗಿ ಬರುತ್ತದೆ. ಜೂನ್ ಬಂತೆಂದರೆ ಕುಂಡ ಮನೆಯೊಳಗೆ. ನಾವು ಊರಿಗೆ ಹೋದಾಗ ಪಕ್ಕದ ಮನೆಯ ಸುಡಾನಿನ ಅಕ್ಕ ಅದಕ್ಕೆ ನೀರು ಹಾಕುತ್ತಾರೆ. ಅವರು ಹೋದಾಗ ಅವರ ಮನೆ ಕೀಲಿ ನಮ್ಮ ಹತ್ತಿರ. ರಮ್ಜಾನಿನಲ್ಲಿ ಸಂಜೆ ನಾವು ಗೋಳಿಬಜೆ ಕೊಟ್ಟರೆ ತಟ್ಟೆ ಖಾಲಿ ಬರುವುದಿಲ್ಲ, ಖರ್ಜೂರ ಇಟ್ಟುಕೊಂಡು ಬರುತ್ತದೆ.

ಊರಿನ ಕಡೆಯದ್ದು ಇನ್ನೂ ಕಷ್ಟ. ದುಬೈ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್. ನಮ್ಮಲ್ಲಿ ಅದು ಆಟಿ ಅನ್ನುವ ತುಳು ತಿಂಗಳ ಹೊತ್ತು. ಮೇ ಕೊನೆಯ ಹೊತ್ತಿನ ಪತ್ತನಾಜೆ ದಿನಕ್ಕೇ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆಗಿರುತ್ತದೆ. ಭೂತಕೋಲ ಇಲ್ಲ, ಕಂಬಳ ಇಲ್ಲ, ಮದುವೆಯೂ ಇಲ್ಲ. ಜುಲೈ ಮುಗಿಯುವವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಮಲ್ಪೆಯಲ್ಲಿ ಮೀನೂ ಕಡಿಮೆ. ಗಲ್ಫಿನ ಮಕ್ಕಳು ನೋಡುವ ಊರು ಅಂದರೆ ಬರೀ ಮಳೆ. ಸರಿ, ಆಟಿಯನ್ನೇ ಗಟ್ಟಿಯಾಗಿ ಹಿಡಿಯೋಣ ಅಂದುಕೊಂಡೆವು.

ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಅಣ್ಣನ ಜೊತೆ ಮಗನೂ ಹೊರಡುತ್ತಾನೆ. ಆ ದಿನ ಕುಡಿಯುವ ಕಷಾಯಕ್ಕೆ ಬೇಕಾದ ಹಾಲೆ ಮರದ ತೊಗಟೆಗೆ ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಮರದ ಗುರುತು ಸರಿಯಾಗಿ ಗೊತ್ತಿದ್ದವರೇ ತರಬೇಕು. ಬೇರೆ ಮರದ್ದು ತಂದರೆ ಜೀವಕ್ಕೇ ಅಪಾಯ. ಅಮ್ಮ ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ಹಿಂಡುತ್ತಾರೆ. ಒಲೆಯಲ್ಲಿ ಕೆಂಪಗೆ ಕಾದ ಬೆಣಚುಕಲ್ಲನ್ನು ರಸಕ್ಕೆ ಹಾಕಿದಾಗ ಚೊಂಯ್ ಅಂತ ಹೊಗೆ ಏಳುತ್ತದೆ. ಮಗಳು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿಯುತ್ತಾಳೆ, ಮುಖ ಕಿವುಚುತ್ತಾಳೆ, ಮೆಂತೆ ಗಂಜಿಗೆ ಕೈ ಚಾಚುತ್ತಾಳೆ. ಆಮೇಲೆ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವುದು, ಕಣಿಲೆ, ಅಂದರೆ ಎಳೆ ಬಿದಿರು, ಹೆಚ್ಚಿ ನೀರಲ್ಲಿ ಹಾಕಿಡುವುದು. ಮಕ್ಕಳಿಗೆ ಈಗ ಊರಿನಲ್ಲಿ ಸುಮ್ನೆ ಕೂರಲು ಪುರುಸೊತ್ತೇ ಇಲ್ಲ.

ರಜೆ ಮುಗಿದ ಮೇಲೂ ಊರಿನ ಕೆಲಸ ಬಿಡುವುದಿಲ್ಲ. ದುಬೈ ಗಡಿಯಾರ ಊರಿನದ್ದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಾನು ಆರಕ್ಕೆ ಎದ್ದಾಗ ಅಮ್ಮನ ತಿಂಡಿಯ ಹೊತ್ತು. ಆಗಲೇ ಫೋನು. ಅಮ್ಮನ ಔಷಧಿ ತರಿಸುವುದು, ಮನೆ ತೆರಿಗೆ, ತೆಂಗಿನಕಾಯಿ ಕೀಳಿಸುವವರಿಗೆ ಹೇಳುವುದು ನನ್ನ ಪಾಲಿನ ಕೆಲಸ. ಬರೀ ಹಣ ಕಳಿಸಿದರೆ ಸಾಲದು. ತೋಡಿನ ದಂಡೆ ಕಟ್ಟಬೇಕಾ ಬೇಡವಾ ಅನ್ನುವ ಮಾತಿಗೂ ಅಣ್ಣ ನನ್ನನ್ನು ಕೂರಿಸಿಕೊಳ್ಳಬೇಕು. ಕೂರಿಸಿಕೊಳ್ಳುತ್ತಾನೆ.

ಕಾಗದಪತ್ರದ ವಿಷಯವೂ ಮನೆಯದ್ದೇ. ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರ ರೂಪಾಯಿ ಖಾತೆಯಾಗಿ ಬದಲಾಯಿಸಿಕೊಳ್ಳಿ. ಸಾಮಾನ್ಯ ಕೆಲಸದ ವೀಸಾದವರು ಯುಎಇಯಿಂದ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ವೀಸಾ ಹೋಗುತ್ತದೆ, ಊರಿನಲ್ಲಿ ಉದ್ದಕ್ಕೆ ನಿಲ್ಲುವ ಮೊದಲು ಲೆಕ್ಕ ಹಾಕಿಕೊಳ್ಳಿ. ಮತ್ತೆ, ವೋಟು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಮೇಲೆ 6ಎ ಅರ್ಜಿ ಕೊಟ್ಟರೆ ಹೊರದೇಶದಲ್ಲಿರುವವರ ಹೆಸರೂ ಮತದಾರರ ಪಟ್ಟಿಗೆ ಸೇರುತ್ತದೆ. ಆದರೆ ಮತ ಹಾಕಲು ಬೂತಿಗೆ ನಾವೇ ಬರಬೇಕು, ಪಾಸ್‌ಪೋರ್ಟ್ ತೋರಿಸಬೇಕು. ಆ ಸಾಲಿನಲ್ಲಿ ನಿಂತಾಗ ಯಾವಾಗ ಹೋಗುವುದು ಅಂತ ಯಾರೂ ಕೇಳುವುದಿಲ್ಲ, ಬೇಕಾದರೆ ನೋಡಿ.

ಮಕ್ಕಳು ಇನ್ನೂ ಕಂಬಳ ನೋಡಿಲ್ಲ. ಅದಕ್ಕಿರುವುದು ಡಿಸೆಂಬರಿನ ಸಣ್ಣ ರಜೆ ಮಾತ್ರ. ಆ ಹೊತ್ತಿಗೆ ಮಂಗಳೂರು ವಿಮಾನದ ಟಿಕೆಟ್ ದರ ಏರಿರುತ್ತದೆ, ಹಾಗಾಗಿ ಈ ಸಲ ಸೆಪ್ಟೆಂಬರಿನಲ್ಲೇ ತೆಗೆಯುತ್ತೇವೆ.