ಸಿಂಗಪುರದ ಚಾನೆಲ್ 8ರ ಚರಿತ್ರೆಯನ್ನು ಹುಡುಕಿಕೊಂಡು ಹೋಗುವುದು ಹೇಗೆ?

ನಾನಿರುವುದು ಸಿಂಗಪುರದ ಟೋವಾ ಪಾಯೋದಲ್ಲಿ, ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲ್ಯಾಟ್‌ನಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊಮ್ಮಕ್ಕಳು ಅವರನ್ನು 'ಆಮಾ' ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ದಿನಾ ಸಂಜೆ ಅವರ ಮನೆಯಿಂದ ಇಲ್ಲಿನ ಮ್ಯಾಂಡರಿನ್ (ಚೀನಾದ ಅಧಿಕೃತ ಭಾಷೆ) ಟಿವಿ ವಾಹಿನಿ ಚಾನೆಲ್ 8ರ ಧಾರಾವಾಹಿಯ ಸದ್ದು ಬರುತ್ತದೆ. ಆಮಾ ಹುಟ್ಟಿ ಬೆಳೆದದ್ದು ದಕ್ಷಿಣ ಚೀನಾದ ನುಡಿಯಾದ ಹೊಕ್ಕಿಯೆನ್ ಮಾತಿನಲ್ಲಿ. ಶಾಲೆಗೆ ಹೋದವರಲ್ಲ. "ಹಾಗಾದರೆ ಮ್ಯಾಂಡರಿನ್ ಎಲ್ಲಿ ಕಲಿತಿರಿ?" ಎಂದು ಒಮ್ಮೆ ಮೊಮ್ಮಗಳ ಮೂಲಕ ಕೇಳಿದೆ. ಆಮಾ ಏನೂ ಹೇಳದೆ ಟಿವಿಯತ್ತ ಬೆರಳು ತೋರಿಸಿದರು.

ಈ ಚಾನೆಲ್‌ನ ಚರಿತ್ರೆ ಹುಡುಕಬೇಕು ಅಂತ ನನಗೆ ಅನ್ನಿಸಿದ್ದು ಆವತ್ತೇ. ನಿಮಗೂ ಆಸಕ್ತಿ ಇದ್ದರೆ, ನಾನು ಹೋದ ದಾರಿ ಹೇಳುತ್ತೇನೆ.

ಮೊದಲು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಿಂಗಪುರದಲ್ಲಿ ಟಿವಿ ಶುರುವಾಗಿದ್ದು ಫೆಬ್ರವರಿ 15, 1963ರಂದು. ಅದೇ ವರ್ಷ ನವೆಂಬರ್ 23ಕ್ಕೆ ಚಾನೆಲ್ 8 ಬಂತು. ಚಾನೆಲ್‌ನ ಸಂಖ್ಯೆ ಇವತ್ತಿಗೂ ಅದೇ ಇದೆ, ಅದನ್ನು ನಡೆಸುವ ಸಂಸ್ಥೆಯ ಹೆಸರು ಮಾತ್ರ ಮತ್ತೆ ಮತ್ತೆ ಬದಲಾಗಿದೆ. ದೇಶ ಸ್ವತಂತ್ರವಾದ 1965ರಿಂದ ಅದು ರೇಡಿಯೋ ಮತ್ತು ಟೆಲಿವಿಷನ್ ಸಿಂಗಪುರ, ಅಂದರೆ ಆರ್‌ಟಿಎಸ್. ಫೆಬ್ರವರಿ 1980ರಿಂದ ಸಿಂಗಪುರ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್, ಅಂದರೆ ಎಸ್‌ಬಿಸಿ. ಅಕ್ಟೋಬರ್ 1994ರಿಂದ ಟೆಲಿವಿಷನ್ ಕಾರ್ಪೊರೇಷನ್ ಆಫ್ ಸಿಂಗಪುರ್, ಅಂದರೆ ಟಿಸಿಎಸ್. ಆಮೇಲೆ ಮೀಡಿಯಾಕಾರ್ಪ್.

ಈ ಹಾಳೆ ಯಾಕೆ ಬೇಕು ಅಂದರೆ, ನಾನು ಮೊದಲ ವಾರವಿಡೀ 'ಮೀಡಿಯಾಕಾರ್ಪ್' ಅಂತ ಟೈಪ್ ಮಾಡಿ 1970ರ ದಶಕದ ಸುದ್ದಿ ಹುಡುಕಿದೆ. ಏನೂ ಸಿಗಲಿಲ್ಲ. ಆ ಕಾಲದಲ್ಲಿ ಆ ಹೆಸರೇ ಇರಲಿಲ್ಲ ಅಲ್ವಾ? ಯಾವ ವರ್ಷದ ಸುದ್ದಿ ಬೇಕೋ ಆ ವರ್ಷದ ಹೆಸರಿನಲ್ಲೇ ಹುಡುಕಿ. ಚೀನೀ ಲಿಪಿಯಲ್ಲಿ ಹುಡುಕುವುದಾದರೆ ಇನ್ನೊಂದು ವಿಷಯ ಗೊತ್ತಿರಲಿ. ಈಗ ಚಾನೆಲ್‌ಗೆ 'ಪಿನ್‌ದಾವ್' ಅನ್ನುತ್ತಾರೆ, ಹಿಂದೆ 'ಬೋದಾವ್' ಅನ್ನುತ್ತಿದ್ದರು. ಎರಡನ್ನೂ ಹಾಕಿ ನೋಡಿ.

ಹುಡುಕಲು ಒಳ್ಳೆಯ ಜಾಗ ನ್ಯೂಸ್‌ಪೇಪರ್‌ಎಸ್‌ಜಿ. ಇದು ರಾಷ್ಟ್ರೀಯ ಗ್ರಂಥಾಲಯ ಮಂಡಳಿಯ ಹಳೆಯ ಪತ್ರಿಕೆಗಳ ಭಂಡಾರ. ಹಳೆಯ ಸಂಚಿಕೆಗಳನ್ನು ಮನೆಯಲ್ಲೇ ಕೂತು ಓದಬಹುದು, ಕೆಲವನ್ನು ಮಾತ್ರ ಗ್ರಂಥಾಲಯದ ಕಂಪ್ಯೂಟರ್‌ನಲ್ಲೇ ನೋಡಬೇಕು. ದೊಡ್ಡ ಲೇಖನಗಳ ಹಿಂದೆ ಬೀಳಬೇಡಿ. 'ಇಂದಿನ ಟಿವಿ' ಪಟ್ಟಿಗಳನ್ನು ಓದಿ. ಯಾವ ಗಂಟೆಗೆ ಯಾವ ಭಾಷೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಇವತ್ತು ಹೆಚ್ಚುಕಡಿಮೆ ಪೂರ್ತಿ ಮ್ಯಾಂಡರಿನ್ ಆಗಿರುವ ಚಾನೆಲ್ 8ರಲ್ಲಿ 1990ರ ದಶಕದವರೆಗೂ ತಮಿಳು ಕಾರ್ಯಕ್ರಮಗಳೂ ಬರುತ್ತಿದ್ದವು! ನನಗೆ ಇದು ತುಂಬ ಖುಷಿ ಕೊಟ್ಟ ಸಂಗತಿ. ತಮಿಳು ಮನೆಗಳೂ ಇದೇ ಚಾನೆಲ್ ಹಾಕಿಕೊಂಡು ಕೂರುತ್ತಿದ್ದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಹಾಳೆಯಲ್ಲಿ 1979ಕ್ಕೆ ಕೆಂಪು ಗೆರೆ ಎಳೆಯಿರಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಲೀ ಕುವಾನ್ ಯೂ 'ಮ್ಯಾಂಡರಿನ್ ಮಾತಾಡಿ' ಅಭಿಯಾನ ಶುರು ಮಾಡಿದರು. ಆಗ ಹೆಚ್ಚಿನ ಚೀನೀ ಮನೆಗಳಲ್ಲಿ ಆಡುತ್ತಿದ್ದದ್ದು ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್. ಬೇರೆ ಬೇರೆ ಗುಂಪಿನವರಿಗೆ ಒಂದೇ ಮಾತು ಇರಲಿ ಅನ್ನುವುದು ಸರ್ಕಾರದ ಉದ್ದೇಶ. ಕೆಲವೇ ವರ್ಷಗಳಲ್ಲಿ ಟಿವಿ, ರೇಡಿಯೋಗಳಿಂದ ಈ ನುಡಿಗಳು ಹೆಚ್ಚುಕಡಿಮೆ ಮರೆಯಾದವು. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಧಾರಾವಾಹಿಗಳು ಮ್ಯಾಂಡರಿನ್‌ಗೆ ಡಬ್ ಆಗಿ ಬರತೊಡಗಿದವು. ಮೊದಲ ಮತ್ತು ನಂತರದ ಟಿವಿ ಪಟ್ಟಿಗಳನ್ನು, 1978ರದ್ದೊಂದು, 1983ರದ್ದೊಂದು, ಪಕ್ಕಪಕ್ಕ ಇಟ್ಟು ಓದಿ. ಚಾನೆಲ್ 8ರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಂಡಿಲ್ಲ.

ಊರಿನ ಧಾರಾವಾಹಿಗಳು ಹುಟ್ಟಿದ್ದೂ ಇದೇ ಹೊತ್ತಿನಲ್ಲಿ. 1982ರಲ್ಲಿ ಎಸ್‌ಬಿಸಿ ಸೆಲೆಟಾರ್ ದರೋಡೆಯ ಕಥೆಯನ್ನು ಟಿವಿ ಚಿತ್ರ ಮಾಡಿತು. 1984ರಲ್ಲಿ 'ದಿ ಅವೇಕನಿಂಗ್' ಬಂತು. ಚೀನಾದಿಂದ ಹಡಗು ಹತ್ತಿ ಬಂದ ಬಡವರ ಕಥೆ ಅದು. ಅದರ ಮ್ಯಾಂಡರಿನ್ ಹೆಸರಿನ ಅರ್ಥ 'ಮಂಜು ಕವಿದ ದಕ್ಷಿಣ ಸಮುದ್ರ'. 1986ರಲ್ಲಿ 'ಸಂಸುಯಿ ವಿಮೆನ್', ಕಟ್ಟಡಗಳಲ್ಲಿ ಕಲ್ಲುಮಣ್ಣು ಹೊತ್ತ ಕೆಂಪು ತಲೆಬಟ್ಟೆಯ ಹೆಂಗಸರ ಕಥೆ. 2008ರಲ್ಲಿ 'ದಿ ಲಿಟ್ಲ್ ನ್ಯೋನ್ಯಾ'. ಮಲಯ್ ಪದ್ಧತಿಗಳನ್ನು ಬೆರೆಸಿಕೊಂಡ ಹಳೆಯ ಚೀನೀ ಮನೆತನಗಳ ಹೆಂಗಸರನ್ನು ನ್ಯೋನ್ಯಾ ಅನ್ನುತ್ತಾರೆ.

ಇವನ್ನು ನೋಡುವಾಗ ಒಂದೇ ಪ್ರಶ್ನೆ ಕೈಯಲ್ಲಿರಲಿ: ಈ ಪಾತ್ರ ನಿಜ ಜೀವನದಲ್ಲಿ ಯಾವ ಮಾತು ಆಡುತ್ತಿತ್ತು? ಬಂದರಿನ ಕೂಲಿಗಳ ಮನೆಮಾತು ಹೊಕ್ಕಿಯೆನ್ ಅಥವಾ ಟಿಯೋಚ್ಯೂ ಆಗಿತ್ತು. ನ್ಯೋನ್ಯಾ ಮನೆಗಳಲ್ಲಿ ಮಲಯ್ ಬೆರೆತ ಮಾತಿತ್ತು. ತೆರೆಯ ಮೇಲೆ ಎಲ್ಲರೂ ಮ್ಯಾಂಡರಿನ್ ಆಡುತ್ತಾರೆ. ಇದನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ಆಮಾಗೆ ಹೊಸ ಭಾಷೆಯೊಂದನ್ನು ಕೊಟ್ಟದ್ದು ಇದೇ ಧಾರಾವಾಹಿಗಳು. ಆದರೆ ಅವರ ಮೊಮ್ಮಗಳಿಗೆ ಹೊಕ್ಕಿಯೆನ್ ಬರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಬರೆದಿಟ್ಟುಕೊಳ್ಳಿ.

ಕ್ಯಾಲ್ಡೆಕಾಟ್ ಬೆಟ್ಟದ ಸ್ಟುಡಿಯೋ, 2001ರಲ್ಲಿ ಎದುರಾಳಿಯಾಗಿ ಬಂದು ಆಮೇಲೆ ಇದೇ ಮನೆ ಸೇರಿಕೊಂಡ ಚಾನೆಲ್ ಯು, ಅನಲಾಗ್ ಪ್ರಸಾರ ನಿಂತದ್ದು, ಇವೆಲ್ಲ ಸುಲಭವಾಗಿ ಸಿಗುತ್ತವೆ. ಅವಕ್ಕೆ ಒಂದು ಮಧ್ಯಾಹ್ನ ಸಾಕು.

ಜಾಸ್ತಿ ಸಮಯ ಹಿರಿಯರ ಜೊತೆ ಕಳೆಯಿರಿ. "ಚಾನೆಲ್ 8 ಬಗ್ಗೆ ಹೇಳಿ" ಅಂತ ಸುಮ್ನೆ ಕೇಳಿದರೆ "ಚೆನ್ನಾಗಿದೆ" ಅಂದು ಮುಗಿಸಿಬಿಡುತ್ತಾರೆ. ಟಿವಿ ಮನೆಗೆ ಬರುವ ಮೊದಲು ಏನು ಕೇಳುತ್ತಿದ್ದಿರಿ ಅಂತ ಕೇಳಿ. ಆಗ ಮಾತು ರೀಡಿಫ್ಯೂಷನ್‌ಗೆ ಹೋಗುತ್ತದೆ. 1949ರಲ್ಲಿ ಶುರುವಾದ, ತಂತಿಯ ಮೂಲಕ ಮನೆಮನೆಗೆ ಬರುತ್ತಿದ್ದ ರೇಡಿಯೋ ಅದು. ಅದರಲ್ಲಿ ಲೀ ದಾಯ್ ಸೋರ್ ಕ್ಯಾಂಟನೀಸ್‌ನಲ್ಲಿ ಕಥೆ ಹೇಳುತ್ತಿದ್ದರು. ಆ ಹೆಸರು ಎತ್ತಿದರೆ ಸಾಕು, ಹಿರಿಯರ ಮುಖ ಅರಳುತ್ತದೆ.

2016ರಲ್ಲಿ ಚಾನೆಲ್ 8ರಲ್ಲೇ ಹೊಕ್ಕಿಯೆನ್ ಮಾತಿನ ಒಂದು ಪುಟ್ಟ ಧಾರಾವಾಹಿ ಬಂತು. ಹಿರಿಯರಿಗೆ ಸರ್ಕಾರದ ಯೋಜನೆಗಳನ್ನು ಅವರ ಮಾತಿನಲ್ಲೇ ತಿಳಿಸಲು ಮಾಡಿದ್ದು. ಅದರ ಹೆಸರು 'ಈಟ್ ಆಲ್ರೆಡಿ?'. ಹೊಕ್ಕಿಯೆನ್‌ನಲ್ಲಿ 'ಜಿಯಾ ಬಾ ಬುಏ'. ನಮ್ಮ 'ಊಟ ಆಯ್ತಾ?' ಇದ್ದ ಹಾಗೆಯೇ, ಎದುರು ಸಿಕ್ಕವರನ್ನು ಮಾತಾಡಿಸುವ ರೀತಿ. ಈ ಮೂರು ಪದ ಕಲಿತುಕೊಂಡು ಹೋಗಿ. ನಾನು ಬಾಗಿಲಲ್ಲಿ ನಿಂತು ಹಾಗೆ ಕೇಳಿದ ದಿನ ಆಮಾ ಟಿವಿ ಸದ್ದು ಕಡಿಮೆ ಮಾಡಿ ಕುರ್ಚಿ ಎಳೆದು ಕೊಟ್ಟರು.